ಮಾರುತದ ರೆಕ್ಕೆಯ ನೆರಳಿನಲ್ಲಿ

ಕಾವೇರಿ ತಾಯಿ ಎರಡು ಕವಲಾಗಿ ಹರಿದು ಮತ್ತೆ ಒಂದಾಗುವ ದ್ವೀಪದಲ್ಲಿ, ಶ್ರೀರಂಗಪಟ್ಟಣದ ಕೋಟೆಗೆ ಪೂರ್ವದಲ್ಲಿ ನೆಲೆಸಿರುವ ಊರು ಗಂಜಾಂ. ನಿಮಿಷಾಂಬೆಯ ಸನ್ನಿಧಿ, ಗುಂಬಜ್, ಸಂಗಮದ ಸ್ನಾನಘಟ್ಟ, ಹಿಂದಿನಿಂದ ಹೆಸರಾದ ಅಂಜೂರದ ಹಣ್ಣು ಇವುಗಳಿಂದ ಈ ಊರು ನಾಡಿಗೆಲ್ಲ ಪರಿಚಿತ. ಟಿಪ್ಪು ಸುಲ್ತಾನನು ಈ ಊರನ್ನು ಬೆಳೆಸಲು ಸಿರಾದಿಂದ ೧೨,೦೦೦ ಕುಟುಂಬಗಳನ್ನು ಇಲ್ಲಿಗೆ ತರಿಸಿದನೆಂದು ಹಳೆಯ ಗೆಜೆಟಿಯರುಗಳು ದಾಖಲಿಸಿವೆ. ದೂರದೂರದ ಊರುಗಳಿಂದ ಜನರು ಇತಿಹಾಸವನ್ನು ನೋಡಲೆಂದು ನಮ್ಮ ಬಾಗಿಲಿಗೇ ಬರುತ್ತಾರೆ. ಆದರೆ ನಾವು ನಮ್ಮ ಮಕ್ಕಳನ್ನು ಕರೆದುಕೊಂಡು ಇತಿಹಾಸವನ್ನು ನೋಡಲು ಹೊರಡುವುದು ಎಷ್ಟು ಸಲ? ಹೊರಟರೂ ಅದು ಯಾವುದಾದರೊಂದು ಜಾತ್ರೆಗೆ, ಮಠದ ದರ್ಶನಕ್ಕೆ, ಇಲ್ಲವೇ ಅರಮನೆಯ ದೀಪಾಲಂಕಾರಕ್ಕೆ. ಅವೆಲ್ಲವೂ ಬೇಕು. ಅವುಗಳ ಜೊತೆಗೆ, ನಮ್ಮ ಕಾಲದಲ್ಲೇ ನಮ್ಮವರ ಕೈಗಳು ಮಾಡಿದ ದೊಡ್ಡ ಕೆಲಸಗಳನ್ನೂ ಮಕ್ಕಳಿಗೆ ತೋರಿಸಬೇಕೆಂಬ ಆಸೆಯಿಂದ ನಮ್ಮ ಬಂಧುವರ್ಗದ ಮೂರು ಮನೆಯವರು ಸೇರಿ ಬೆಂಗಳೂರಿನ ಎಚ್.ಎ.ಎಲ್. ವಿಮಾನ ವಸ್ತುಸಂಗ್ರಹಾಲಯಕ್ಕೆ ಹೋಗಿಬಂದೆವು. ಅಲ್ಲಿ ಕಂಡದ್ದನ್ನೂ ಅಲ್ಲಿ ಹುಟ್ಟಿದ ವಿಚಾರಗಳನ್ನೂ ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ನೆಲದಿಂದ ಆಕಾಶಕ್ಕೆ

ಆಕಾಶವನ್ನು ಗೆಲ್ಲುವ ಹಂಬಲ ನಮ್ಮ ನೆಲಕ್ಕೆ ಹೊಸದಲ್ಲ. ಕೋಟೆಯಿಂದ ಗಂಜಾಮಿಗೆ ಬರುವ ದಾರಿಯಲ್ಲಿರುವ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ೧೭೮೦ರ ಪೊಳ್ಳಿಲೂರು ಕದನದ ಚಿತ್ರವಿದೆ. ಆ ಕಾಲದ ಕದನಗಳಲ್ಲಿ ಮೈಸೂರಿನ ಸೇನೆ ಕಬ್ಬಿಣದ ಕೊಳವೆಯೊಳಗೆ ಮದ್ದು ತುಂಬಿ, ಬಿದಿರಿನ ಕೋಲಿಗೆ ಕಟ್ಟಿ ಹಾರಿಸುವ ಬಾಣಗಳನ್ನು ಬಳಸುತ್ತಿತ್ತು. ಕಾಗದದ ಅಥವಾ ಬಿದಿರಿನ ಕೊಳವೆಯಾದರೆ ಮದ್ದಿನ ಒತ್ತಡಕ್ಕೆ ಬೇಗನೆ ಒಡೆಯುತ್ತದೆ. ಕಬ್ಬಿಣದ ಕೊಳವೆ ಹೆಚ್ಚಿನ ಒತ್ತಡವನ್ನು ತಾಳಿಕೊಳ್ಳುವುದರಿಂದ ಬಾಣ ಹೆಚ್ಚು ದೂರ ಹೋಗುತ್ತಿತ್ತು. ೧೭೯೯ರಲ್ಲಿ ಪಟ್ಟಣ ಬಿದ್ದ ಮೇಲೆ ಆ ಬಾಣಗಳು ಇಂಗ್ಲೆಂಡಿನ ವೂಲ್ವಿಚ್‌ಗೆ ತಲುಪಿ, ವಿಲಿಯಂ ಕಾಂಗ್ರೀವ್ ಎಂಬಾತನ ಪ್ರಯೋಗಗಳಿಗೆ ದಾರಿಯಾದವು. ಅಬ್ದುಲ್ ಕಲಾಂ ಅವರು ಅಮೆರಿಕೆಯ ವಾಲಪ್ಸ್ ದ್ವೀಪದ ರಾಕೆಟ್ ಕೇಂದ್ರಕ್ಕೆ ಹೋಗಿದ್ದಾಗ ಅಲ್ಲಿನ ಗೋಡೆಯಲ್ಲಿ ಟಿಪ್ಪುವಿನ ಸೈನಿಕರು ರಾಕೆಟ್ ಹಾರಿಸುವ ಚಿತ್ರವನ್ನು ಕಂಡುದಾಗಿ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಇನ್ನೊಂದು ಸಂಗತಿ ನಮ್ಮ ಸಮಾಜದವರಿಗೆ ಆಸಕ್ತಿ ಹುಟ್ಟಿಸುವಂಥದು. ವೀರಶೈವ ಅರಸರಾದ ಕೆಳದಿಯ ನಾಯಕರ ರಾಜಧಾನಿಯಾಗಿದ್ದ ಬಿದನೂರು, ಅಂದರೆ ಇಂದಿನ ಶಿವಮೊಗ್ಗ ಜಿಲ್ಲೆಯ ನಗರ, ೧೭೬೩ರಲ್ಲಿ ಹೈದರನ ವಶವಾಯಿತು. ಅಲ್ಲಿನ ಪಾಳುಬಾವಿಯೊಂದರಲ್ಲಿ ೨೦೧೮ರಲ್ಲಿ ಹೂಳೆತ್ತುವಾಗ ಅಂತಹ ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣಗಳು ದೊರೆತವು. ಬಾವಿಯ ಕೆಸರಿನಲ್ಲಿ ಎರಡು ಶತಮಾನ ಮಲಗಿದ್ದ ವಸ್ತುಗಳು ಎದ್ದುಬಂದು ಸಾಕ್ಷಿ ನುಡಿದಾಗ ಮಾತ್ರ ಇತಿಹಾಸ ಬಾಯಿಮಾತಾಗಿ ಉಳಿಯದೆ ಕೈಗೆ ಸಿಕ್ಕುವ ಸತ್ಯವಾಗುತ್ತದೆ. ವಸ್ತುಸಂಗ್ರಹಾಲಯಗಳ ಬೆಲೆ ಇರುವುದೂ ಅಲ್ಲಿಯೇ.

ಕಾರ್ಖಾನೆಯೊಂದು ಹುಟ್ಟಿದ ಬಗೆ

ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಹುಟ್ಟಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಸೊಲ್ಲಾಪುರದ ಉದ್ಯಮಿ ವಾಲಚಂದ್ ಹೀರಾಚಂದರು ಭಾರತದಲ್ಲಿಯೇ ವಿಮಾನ ಕಟ್ಟಬೇಕೆಂಬ ಹಠ ತೊಟ್ಟು, ಅಮೆರಿಕೆಯ ವಿಲಿಯಂ ಪಾಲಿಯವರ ನೆರವಿನೊಡನೆ ಸ್ಥಳವನ್ನು ಅರಸುತ್ತಿದ್ದರು. ಆಗ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ಲರು ೭೦೦ ಎಕರೆ ಭೂಮಿಯನ್ನು ಕೊಡಿಸಿ, ಸಂಸ್ಥಾನವನ್ನೂ ಪಾಲುದಾರನನ್ನಾಗಿ ಮಾಡಿ ಕಾರ್ಖಾನೆಯನ್ನು ಬೆಂಗಳೂರಿಗೆ ಬರಮಾಡಿಕೊಂಡರು. ೧೯೪೦ರ ಡಿಸೆಂಬರ್ ೨೩ರಂದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪನೆಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅದೇ ವರ್ಷದ ಆಗಸ್ಟಿನಲ್ಲಿ ಲಿಂಗೈಕ್ಯರಾದಂತೆ ನಾಡು ದುಃಖಿಸುತ್ತಿದ್ದ ಹೊತ್ತಿನಲ್ಲಿ, ಅವರು ಬಿತ್ತಿದ್ದ ಕೈಗಾರಿಕೆಯ ಬೀಜ ಹೀಗೆ ಮತ್ತೊಂದು ಮೊಳಕೆಯೊಡೆಯಿತು.

ಬೆಂಗಳೂರಿಗೆ ಇದ್ದ ಅನುಕೂಲಗಳಲ್ಲಿ ಹಿತವಾದ ಹವೆ, ಒಳನಾಡಿನಲ್ಲಿರುವ ಸುರಕ್ಷತೆ, ಟಾಟಾ ವಿಜ್ಞಾನ ಮಂದಿರದ ವಿದ್ವಾಂಸರು, ಇವುಗಳೊಡನೆ ವಿದ್ಯುಚ್ಛಕ್ತಿಯೂ ಒಂದು. ೧೯೦೨ರಿಂದ ಶಿವನಸಮುದ್ರದಲ್ಲಿ ಉತ್ಪಾದನೆಯಾಗುತ್ತಿದ್ದ ಆ ಶಕ್ತಿಯ ಮೂಲ ಯಾವುದು? ನಮ್ಮ ಗಂಜಾಮಿನ ಎರಡೂ ಮಗ್ಗುಲನ್ನು ತೊಳೆದು, ಸಂಗಮದಲ್ಲಿ ಕೂಡಿ, ಪೂರ್ವಕ್ಕೆ ಹರಿಯುವ ಕಾವೇರಿಯೇ. ಗದ್ದೆಗೆ ನೀರೆರೆದ ತಾಯಿ ಕಾರ್ಖಾನೆಯ ಚಕ್ರಕ್ಕೂ ಬಲ ಕೊಟ್ಟಳೆಂಬುದನ್ನು ಮಂಡ್ಯ ಜಿಲ್ಲೆಯ ಮಕ್ಕಳು ತಿಳಿದಿರಬೇಕು.

೧೯೪೧ರ ಆಗಸ್ಟಿನಲ್ಲಿಯೇ ಅಮೆರಿಕೆಯ ವಿನ್ಯಾಸದ ಹಾರ್ಲೋ ತರಬೇತಿ ವಿಮಾನವನ್ನು ಇಲ್ಲಿ ಜೋಡಿಸಿ ಹಾರಿಸಲಾಯಿತು. ೧೯೪೨ರಲ್ಲಿ ಸರ್ಕಾರ ಆಡಳಿತವನ್ನು ವಹಿಸಿಕೊಂಡಿತು. ಯುದ್ಧ ಮುಗಿಯುವವರೆಗೂ ಇದು ಮಿತ್ರರಾಷ್ಟ್ರಗಳ ವಿಮಾನಗಳ ದೊಡ್ಡ ದುರಸ್ತಿ ಕೇಂದ್ರವಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ಡಾ. ವಿ. ಎಂ. ಘಾಟಗೆಯವರ ಮುಂದಾಳ್ತನದಲ್ಲಿ ಎಚ್.ಟಿ.-೨ ಎಂಬ ತರಬೇತಿ ವಿಮಾನ ರೂಪುಗೊಂಡು ೧೯೫೧ರ ಆಗಸ್ಟಿನಲ್ಲಿ ಹಾರಿತು. ಘಾಟಗೆಯವರು ಜರ್ಮನಿಯ ಗಾಟಿಂಗೆನ್ನಿನಲ್ಲಿ ಪ್ರಾಂಟಲ್ ಎಂಬ ಮಹಾವಿಜ್ಞಾನಿಯ ಬಳಿ ಕಲಿತು ಬಂದವರು. ಅನೇಕ ವರ್ಷಗಳ ಕಾಲ ನಮ್ಮ ವಾಯುಸೇನೆಯ ಎಳೆಯರು ಹಾರಲು ಕಲಿತದ್ದು ಆ ಪುಟ್ಟ ವಿಮಾನದಲ್ಲಿಯೇ. ೧೯೬೪ರ ಅಕ್ಟೋಬರ್ ೧ರಂದು ಈ ಕಂಪನಿಯೂ ಇನ್ನಿತರ ಸಂಸ್ಥೆಯೂ ಕೂಡಿ ಹಿಂದೂಸ್ಥಾನ್ ಏರೋನಾಟಿಕ್ಸ್ ಆಯಿತು. ನಾವು ಇಂದು ಎಚ್.ಎ.ಎಲ್. ಎಂದು ಕರೆಯುವುದು ಅದನ್ನೇ.

ಸಂಗ್ರಹಾಲಯದ ಅಂಗಳದಲ್ಲಿ

ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಈ ಸಂಗ್ರಹಾಲಯ ೨೦೦೧ರಲ್ಲಿ ಆರಂಭವಾಯಿತು. ಸುಮಾರು ನಾಲ್ಕು ಎಕರೆ ಜಾಗ, ಗಿಡಮರಗಳ ತಂಪು. ಒಳಗಿನ ಒಂದು ಭವನದಲ್ಲಿ ೧೯೪೦ರಿಂದ ಆರಂಭಿಸಿ ಹತ್ತು ಹತ್ತು ವರ್ಷಗಳ ಬೆಳವಣಿಗೆಯನ್ನು ಛಾಯಾಚಿತ್ರಗಳ ಮೂಲಕ ತೋರಿಸಿದ್ದಾರೆ. ಮತ್ತೊಂದರಲ್ಲಿ ವಿಮಾನದ ಎಂಜಿನ್ನುಗಳಿವೆ. ಎಂಜಿನ್ನಿನ ಹೊಟ್ಟೆಯನ್ನು ಸೀಳಿ ಒಳಗಿನ ಅಲಗುಗಳ ಸಾಲನ್ನು ಕಾಣುವಂತೆ ಮಾಡಿರುವುದು ಕಂಡಾಗ ನಮ್ಮ ಮಕ್ಕಳ ಬಾಯಿಂದ ಮಾತೇ ಹೊರಡಲಿಲ್ಲ. ಮುಂದಿನಿಂದ ಗಾಳಿಯನ್ನು ಎಳೆದುಕೊಂಡು, ಒತ್ತಿ, ಅದರಲ್ಲಿ ಎಣ್ಣೆಯನ್ನು ಉರಿಸಿ, ಉರಿದ ಅನಿಲವನ್ನು ಹಿಂದಕ್ಕೆ ರಭಸದಿಂದ ಬಿಡುವುದರಿಂದ ವಿಮಾನ ಮುಂದಕ್ಕೆ ಚಿಮ್ಮುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿದ್ದ ಹುಡುಗನಿಗೆ ಅಂದು ಅದು ಕಣ್ಣಿಗೆ ಕಂಡಿತು.

ಹೊರಗಿನ ಅಂಗಳದಲ್ಲಿ ನಿಜವಾದ ವಿಮಾನಗಳೇ ನಿಂತಿವೆ. ಎಚ್.ಟಿ.-೨, ಕಿರಣ್, ಅಜೀತ್, ಮಿಗ್-೨೧, ಕ್ಯಾನ್‌ಬೆರಾ ಹೀಗೆ ಒಂದೊಂದಕ್ಕೂ ಒಂದೊಂದು ಕಥೆಯಿದೆ. ಆದರೆ ನಾವು ಮುಖ್ಯವಾಗಿ ನೋಡಲು ಹೋದದ್ದು ಎಚ್.ಎಫ್.-೨೪ ಮಾರುತವನ್ನು. ಭಾರತದಲ್ಲಿ ರೂಪುಗೊಂಡು, ಭಾರತದಲ್ಲಿ ತಯಾರಾದ ಮೊದಲ ಜೆಟ್ ಯುದ್ಧವಿಮಾನ ಅದು. ಅದನ್ನು ನೋಡಬೇಕೆಂದು ಹಂಬಲಿಸಿದವರು ಮಕ್ಕಳಲ್ಲ, ನಮ್ಮ ದೊಡ್ಡಪ್ಪನವರು. ೧೯೬೬ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಗಂಜಾಮಿನಿಂದ ಹೊರಟು ಆ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸಕ್ಕೆ ಸೇರಿದ ಅವರು, ಮಾರುತದ ರೆಕ್ಕೆಗಳಿಗೆ ರಿವೆಟ್ ಹೊಡೆದವರು. ನಿವೃತ್ತರಾಗಿ ಊರಿಗೆ ಮರಳಿ, ಈಗ ಎಂಬತ್ತರ ಹೊಸ್ತಿಲಲ್ಲಿದ್ದಾರೆ.

ಮಾರುತದ ಹುಟ್ಟು ಮತ್ತು ಕೊರತೆ

೧೯೫೦ರ ದಶಕದಲ್ಲಿ ಶಬ್ದದ ವೇಗವನ್ನು ಮೀರಬಲ್ಲ ಯುದ್ಧವಿಮಾನವೊಂದು ನಮ್ಮಲ್ಲಿಯೇ ಆಗಬೇಕೆಂದು ಸರ್ಕಾರ ಸಂಕಲ್ಪಿಸಿತು. ಎರಡನೆಯ ಮಹಾಯುದ್ಧದ ಹೆಸರಾಂತ ಫೋಕ್-ವುಲ್ಫ್ ೧೯೦ ವಿಮಾನದ ವಿನ್ಯಾಸಕಾರರಾದ ಜರ್ಮನಿಯ ಕುರ್ಟ್ ಟ್ಯಾಂಕ್ ಅವರನ್ನು ಆಹ್ವಾನಿಸಲಾಯಿತು. ಅವರು ೧೯೫೬ರಲ್ಲಿ ಬೆಂಗಳೂರಿಗೆ ಬಂದರು. ಅವರ ಜೊತೆಗೆ ಜರ್ಮನಿಯ ಎಂಜಿನಿಯರುಗಳ ಒಂದು ಚಿಕ್ಕ ತಂಡ. ನಮ್ಮ ಕಡೆಯಿಂದ ಆಗ ತಾನೇ ಕೆಲಸ ಕಲಿಯುತ್ತಿದ್ದ ಯುವಕರು. ಮೊದಲು ಪೂರ್ಣ ಗಾತ್ರದ ಮರದ ವಿಮಾನವೊಂದನ್ನು ಎಂಜಿನ್ನಿಲ್ಲದೆ ಕಟ್ಟಿ, ಡಕೋಟಾ ವಿಮಾನದ ಹಿಂದೆ ಎಳೆಸಿ, ಆಕಾಶದಲ್ಲಿ ಬಿಟ್ಟು ಪರೀಕ್ಷಿಸಿದರು. ೧೯೬೧ರ ಜೂನ್ ೧೭ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರು ನಿಜವಾದ ಮಾರುತವನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿದರು. ಸ್ವಾತಂತ್ರ್ಯ ಬಂದು ಹದಿನಾಲ್ಕು ವರ್ಷವೂ ತುಂಬದ ದೇಶವೊಂದು ಸ್ವಂತ ಜೆಟ್ ವಿಮಾನವನ್ನು ಹಾರಿಸಿತೆಂಬುದು ಸಾಮಾನ್ಯದ ಮಾತಲ್ಲ.

ಮಾರುತದ ರೂಪವನ್ನು ಯಾರು ನೋಡಿದರೂ ಮೆಚ್ಚಬೇಕು. ಸುಮಾರು ೧೬ ಮೀಟರ್ ಉದ್ದ, ೯ ಮೀಟರ್ ಅಗಲದ ರೆಕ್ಕೆ. ಹಿಂದಕ್ಕೆ ಬಾಗಿದ ಆ ರೆಕ್ಕೆ ಇಳಿಯಲಿರುವ ಗಿಡುಗನನ್ನು ನೆನಪಿಗೆ ತರುತ್ತದೆ. ಆದರೆ ಈ ಸುಂದರ ದೇಹಕ್ಕೆ ತಕ್ಕ ಉಸಿರು ಸಿಗಲಿಲ್ಲ. ಇದಕ್ಕೆಂದು ಆಲೋಚಿಸಿದ್ದ ಬಲಶಾಲಿಯಾದ ಆರ್ಫಿಯಸ್ ೧೨ ಎಂಜಿನ್ನಿನ ಅಭಿವೃದ್ಧಿಗೆ ಬೇಕಾದ ಹಣದ ವಿಷಯದಲ್ಲಿ ಒಪ್ಪಂದವಾಗದೆ ಆ ಎಂಜಿನ್ ಹುಟ್ಟಲೇ ಇಲ್ಲ. ಕೈಗೆ ಸಿಕ್ಕ ಆರ್ಫಿಯಸ್ ೭೦೩ ಎಂಬ ಕಡಿಮೆ ಬಲದ ಎರಡು ಎಂಜಿನ್ನುಗಳನ್ನೇ ಕೂಡಿಸಬೇಕಾಯಿತು. ಶಬ್ದದ ವೇಗವನ್ನು ಮೀರಲೆಂದು ಹುಟ್ಟಿದ ವಿಮಾನ ಸಮತಟ್ಟಾದ ಹಾರಾಟದಲ್ಲಿ ಅದನ್ನು ಮುಟ್ಟಲಾಗದೆ ಉಳಿಯಿತು. ಬೇರೆ ಎಂಜಿನ್ನಿಗಾಗಿ ನಡೆದ ಹುಡುಕಾಟಗಳು ಫಲಿಸಲಿಲ್ಲ. ಎಂಜಿನ್ನಿಗೆ ಹೆಚ್ಚಿನ ಬಲ ಕೊಡುವ ಪ್ರಯತ್ನದಲ್ಲಿ ತಯಾರಾದ ಪರೀಕ್ಷಾ ವಿಮಾನವೊಂದು ೧೯೭೦ರ ಜನವರಿ ೧೦ರಂದು ನೆಲಬಿಟ್ಟು ಏಳುತ್ತಲೇ ಅಪಘಾತಕ್ಕೀಡಾಗಿ, ಮೊದಲ ದಿನ ಮಾರುತವನ್ನು ಹಾರಿಸಿದ್ದ ಸುರಂಜನ್ ದಾಸರೇ ಪ್ರಾಣ ತೆತ್ತರು. ಎಚ್.ಎ.ಎಲ್. ಬಳಿಯ ದೊಡ್ಡ ರಸ್ತೆಯೊಂದಕ್ಕೆ ಇಂದಿಗೂ ಅವರ ಹೆಸರಿದೆ. ದಿನವೂ ಸಾವಿರಾರು ವಾಹನಗಳು ಓಡಾಡುವ ಆ ರಸ್ತೆಯ ಹೆಸರಿನ ಹಿಂದೆ ಒಂದು ಬಲಿದಾನವಿದೆಯೆಂದು ಎಷ್ಟು ಜನರಿಗೆ ಗೊತ್ತು?

ಒಟ್ಟು ೧೪೭ ಮಾರುತಗಳು ತಯಾರಾದವು. ಅವುಗಳಲ್ಲಿ ೧೮ ಇಬ್ಬರು ಕೂರುವ ತರಬೇತಿ ವಿಮಾನಗಳು. ೧೯೭೧ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಇವು ತಗ್ಗಿನಲ್ಲಿ ಹಾರಿ ನಮ್ಮ ಭೂಸೇನೆಗೆ ಬೆಂಬಲವಾಗಿ ನಿಂತವು. ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಬಲದಿಂದ ಚಾಲಕನನ್ನು ಮನೆಗೆ ಮುಟ್ಟಿಸಿದ ಪ್ರಸಂಗಗಳೂ ಉಂಟು. ೧೯೯೦ರ ವೇಳೆಗೆ ಮಾರುತಗಳೆಲ್ಲವೂ ಸೇವೆಯಿಂದ ನಿವೃತ್ತವಾದವು.

ತಾತ ಮೊಮ್ಮಗನ ಸಂವಾದ

ದೊಡ್ಡಪ್ಪನವರು ಕೋಲೂರಿಕೊಂಡು ವಿಮಾನವನ್ನು ಒಂದು ಸುತ್ತು ಬಂದು ರೆಕ್ಕೆಯ ಬುಡದಲ್ಲಿ ನಿಂತರು. ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಅವರ ಮೊಮ್ಮಗ ಅಷ್ಟರಲ್ಲಿ ವಿವರಗಳನ್ನೆಲ್ಲ ಓದಿ ಮುಗಿಸಿದ್ದ. ಮಕ್ಕಳ ಪ್ರಶ್ನೆಗೆ ಮರೆಮಾಚು ಇರುವುದಿಲ್ಲ.

“ತಾತ, ಇದು ಅಂದುಕೊಂಡಷ್ಟು ವೇಗವಾಗಿ ಹಾರಲೇ ಇಲ್ಲವಂತೆ. ಹಾಗಾದರೆ ಇದು ಸೋತ ವಿಮಾನ ಅಲ್ಲವೆ? ನೀವು ಅಷ್ಟು ವರ್ಷ ಮಾಡಿದ ಕೆಲಸ ದಂಡವಾಯಿತೆ?”

ಹುಡುಗನ ತಾಯಿ “ಹಾಗೆಲ್ಲ ಕೇಳಬಾರದು ಕಣೋ” ಎಂದು ಗದರಿಸಿದಳು. ದೊಡ್ಡಪ್ಪನವರು ಅವಳನ್ನು ತಡೆದರು.

“ಕೇಳಲಿ ಬಿಡವ್ವಾ, ಸರಿಯಾಗಿಯೇ ಕೇಳಿದ್ದಾನೆ,” ಎಂದವರೇ ಮೊಮ್ಮಗನ ಕಡೆ ತಿರುಗಿದರು. “ನೋಡು ಮಗ, ಈ ರೆಕ್ಕೆಯ ಮೇಲೆ ಸಾಲಾಗಿ ಚುಕ್ಕೆಗಳು ಕಾಣುತ್ತವಲ್ಲ, ಒಂದೊಂದೂ ಒಂದು ರಿವೆಟ್. ತಗಡಿಗೆ ತೂತು ಕೊರೆದು, ತಲೆ ಒಳಕ್ಕೆ ಕೂರುವಂತೆ ತಗ್ಗು ಮಾಡಿ, ಹೊರಗಡೆಯಿಂದ ನಾನು ಹೊಡೆಯುತ್ತಿದ್ದೆ. ಒಳಗಡೆ ಇನ್ನೊಬ್ಬ ಕಬ್ಬಿಣದ ದಿಂಡನ್ನು ಒತ್ತಿ ಹಿಡಿದಿರುತ್ತಿದ್ದ. ಅವನ ಮುಖ ನನಗೆ ಕಾಣದು, ನನ್ನ ಮುಖ ಅವನಿಗೆ ಕಾಣದು. ಇಬ್ಬರ ಕೈಯೂ ಒಂದೇ ತಾಳಕ್ಕೆ ಬರಬೇಕು. ಕೂದಲೆಳೆಯಷ್ಟು ತಲೆ ಮೇಲೆದ್ದರೆ ಗಾಳಿ ತಡೆಯುತ್ತದೆ. ಓರೆಯಾದರೆ ಕೊರೆದು ತೆಗೆದು ಮತ್ತೆ ಹಾಕಬೇಕು. ಆಮೇಲೆ ಪರೀಕ್ಷೆ ಮಾಡುವವರು ಬಂದು ಒಪ್ಪಿದರೆ ಕಾಗದದಲ್ಲಿ ನನ್ನ ಸಹಿ ಬೀಳುತ್ತಿತ್ತು. ಎಂಜಿನ್ ಕೊಡುವುದು ನನ್ನ ಕೈಯಲ್ಲಿರಲಿಲ್ಲ. ರೆಕ್ಕೆ ಮುರಿಯದಂತೆ ನೋಡಿಕೊಳ್ಳುವುದು ನನ್ನ ಕೈಯಲ್ಲಿತ್ತು. ಯುದ್ಧಕ್ಕೆ ಹೋದ ಹುಡುಗ ಈ ರೆಕ್ಕೆಯನ್ನು ನಂಬಿಕೊಂಡು ಹೋಗಿದ್ದ.”

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಸೋತಿದ್ದು ಯಾವುದು, ಗೆದ್ದಿದ್ದು ಯಾವುದು?” ಎಂದ.

“ಎಂಜಿನ್ನಿನ ಲೆಕ್ಕದಲ್ಲಿ ಸೋತೆವು. ಅದನ್ನು ಮುಚ್ಚಿಡಬಾರದು. ಕೆಲಸ ಕಲಿತೆವು, ಅದನ್ನು ಮರೆಯಬಾರದು.”

ಅಲ್ಲಿದ್ದ ಹಿರಿಯರೆಲ್ಲರ ಮನಸ್ಸನ್ನೂ ಈ ಮಾತು ತಟ್ಟಿತು. ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಕೊಟ್ಟ ಅರ್ಥವೂ ಇದೇ ಅಲ್ಲವೆ? ಹಗ್ಗ ಹೊಸೆದ ನುಲಿಯ ಚಂದಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಬಟ್ಟೆ ಮಡಿ ಮಾಡಿದ ಮಡಿವಾಳ ಮಾಚಯ್ಯ, ಕಟ್ಟಿಗೆ ಹೊತ್ತ ಮೋಳಿಗೆ ಮಾರಯ್ಯ ಇವರು ಅನುಭವ ಮಂಟಪದಲ್ಲಿ ಪಂಡಿತರ ಸಮಕ್ಕೆ ಕುಳಿತದ್ದು ಕೆಲಸದ ಹಿರಿಮೆಯಿಂದಲ್ಲ, ಕೆಲಸದಲ್ಲಿದ್ದ ಶುದ್ಧಿಯಿಂದ. ಫಲ ಏನಾಗುವುದೋ ಎಂಬ ಲೆಕ್ಕಾಚಾರ ಅವರ ಕೈಯನ್ನು ಸಡಿಲ ಮಾಡಲಿಲ್ಲ. ಇಂದು ಪರೀಕ್ಷೆಯ ಅಂಕವೇ ಎಲ್ಲವೆಂದು ನಂಬಿ, ಒಂದೆರಡು ಅಂಕ ಕಡಿಮೆಯಾದರೆ ಬದುಕೇ ಮುಗಿಯಿತೆಂದು ಕುಗ್ಗುವ ಮಕ್ಕಳು ನಮ್ಮ ಮನೆಮನೆಗಳಲ್ಲಿದ್ದಾರೆ. ಅವರಿಗೆ ಮಾರುತದ ರೆಕ್ಕೆಯ ಕೆಳಗೆ ನಿಲ್ಲಿಸಿ ಹೇಳಬೇಕಾದ ಪಾಠ ಇದು.

ಕಲಿತ ವಿದ್ಯೆ ದಂಡವಾಗಲಿಲ್ಲವೆಂಬುದಕ್ಕೆ ಸಾಕ್ಷಿಯೂ ಇದೆ. ಮಾರುತ ಮೊದಲು ಹಾರಿ ನಲವತ್ತು ವರ್ಷಗಳಾಗುವ ಹೊತ್ತಿಗೆ, ೨೦೦೧ರ ಜನವರಿ ೪ರಂದು ಅದೇ ಬೆಂಗಳೂರಿನ ಆಕಾಶದಲ್ಲಿ ಮುಂದೆ ತೇಜಸ್ ಎಂದು ಹೆಸರು ಪಡೆದ ಹಗುರ ಯುದ್ಧವಿಮಾನ ಹಾರಿತು. ೨೦೧೬ರ ಜುಲೈ ೧ರಂದು ಅದು ವಾಯುಸೇನೆಗೆ ಸೇರಿತು. ಆದರೆ ಎಂಜಿನ್ನಿನ ಮಾತು ಇಂದಿಗೂ ಉಳಿದೇ ಇದೆ. ತೇಜಸ್ ಕೂಡ ಅಮೆರಿಕೆಯ ಎಂಜಿನ್ನನ್ನೇ ಹೊತ್ತು ಹಾರುತ್ತದೆ. ಮೊಮ್ಮಗನ ತಲೆಮಾರಿಗೆ ಉಳಿದಿರುವ ಕೆಲಸ ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ದಯೆಯ ಪ್ರಶ್ನೆ

ದೊಡ್ಡಮ್ಮನವರು ಎಲ್ಲವನ್ನೂ ಕೇಳಿಸಿಕೊಂಡು, “ಎಲ್ಲಾ ಸರಿ, ಇದು ಕೊಲ್ಲೋ ಯಂತ್ರ ತಾನೆ? ಇದನ್ನ ಮಕ್ಕಳಿಗೆ ತೋರಿಸಿ ಸಂತೋಷ ಪಡೋದೆ?” ಎಂದರು. ದಯೆಯನ್ನೇ ಧರ್ಮದ ಬೇರೆಂದು ಸಾರಿದ ಪರಂಪರೆಯಲ್ಲಿ ಹುಟ್ಟಿದ ತಾಯಿಯ ಬಾಯಲ್ಲಿ ಈ ಪ್ರಶ್ನೆ ಬರುವುದು ಸಹಜವೇ, ಬರಬೇಕಾದದ್ದೇ. ಇದಕ್ಕೆ ಸುಲಭದ ಉತ್ತರವಿಲ್ಲ. ಗಡಿಯನ್ನು ಕಾಯುವವರಿಲ್ಲದಿದ್ದರೆ ಮನೆಯೊಳಗೆ ದೀಪ ಹಚ್ಚಿ ಪೂಜೆ ಮಾಡುವ ನೆಮ್ಮದಿಯೂ ಇರಲಾರದೆಂಬುದು ನಿಜ. ಆಯುಧವನ್ನು ಕಂಡು ಹಿಗ್ಗುವ ಮನಸ್ಸು ಬೆಳೆಯಬಾರದೆಂಬುದೂ ಅಷ್ಟೇ ನಿಜ.

ಆದ್ದರಿಂದ ಮಕ್ಕಳಿಗೆ ಯುದ್ಧವಿಮಾನವನ್ನು ಮಾತ್ರ ತೋರಿಸಿ ಕರೆತರಬಾರದು. ಇದೇ ಕಾರ್ಖಾನೆ ಬಸಂತ್ ಎಂಬ ಕೃಷಿ ವಿಮಾನವನ್ನೂ ಕಟ್ಟಿತು. ೧೯೭೨ರಲ್ಲಿ ಹಾರಿದ ಆ ವಿಮಾನದ ಕೆಲಸ ಬೆಳೆಗಳ ಮೇಲೆ ಔಷಧಿ ಸಿಂಪಡಿಸುವುದು. ಇಲ್ಲಿ ತಯಾರಾಗುವ ಹೆಲಿಕಾಪ್ಟರುಗಳು ಪ್ರವಾಹದಲ್ಲಿ ಸಿಲುಕಿದವರನ್ನು ಮೇಲೆತ್ತುತ್ತವೆ, ಹಿಮದ ಶಿಖರಗಳಿಂದ ರೋಗಿಗಳನ್ನು ಇಳಿಸುತ್ತವೆ. ೧೯೯೨ರಲ್ಲಿ ಮೊದಲು ಹಾರಿದ ಧ್ರುವ್ ೨೦೧೩ರ ಉತ್ತರಾಖಂಡದ ಜಲಪ್ರಳಯದಲ್ಲಿ ಯಾತ್ರಿಕರ ರಕ್ಷಣೆಯ ಕಾರ್ಯದಲ್ಲಿ ತೊಡಗಿತ್ತು. ಅದೇ ತಗಡು, ಅದೇ ರಿವೆಟ್, ಅದೇ ವಿದ್ಯೆ. ಹಿಡಿದ ಕೈಯ ಉದ್ದೇಶ ಮಾತ್ರ ಬೇರೆ. ಇದನ್ನು ಕೇಳಿದ ದೊಡ್ಡಮ್ಮನವರು, “ಹಾಗಾದರೆ ಅದನ್ನೂ ತೋರಿಸಿ” ಎಂದು ಮಕ್ಕಳ ಕೈಹಿಡಿದು ಮುಂದೆ ನಡೆದರು.

ಪುಷ್ಪಕವೂ ಪ್ರಮಾಣವೂ

ಹಿಂದಿರುಗುವ ದಾರಿಯಲ್ಲಿ ಇನ್ನೊಂದು ಚರ್ಚೆ ನಡೆಯಿತು. ನಮ್ಮ ಪೂರ್ವಿಕರ ಬಳಿ ಪುಷ್ಪಕ ವಿಮಾನವೇ ಇದ್ದಿತಲ್ಲ, ವಿದೇಶಿಯರು ನಮ್ಮಿಂದ ಕದ್ದರಲ್ಲವೆ ಎಂದು ಕಿರಿಯರೊಬ್ಬರು ಕೇಳಿದರು. ಇಂತಹ ಮಾತುಗಳು ಈಗ ಕೈಯಿಂದ ಕೈಗೆ ಬೇಗ ಹರಡುತ್ತವೆ. ಆದ್ದರಿಂದ ಇಲ್ಲಿ ಸ್ಪಷ್ಟವಾಗಿ ಬರೆಯುವುದು ಒಳಿತು.

ಪುಷ್ಪಕ ನಮ್ಮ ಕಾವ್ಯಗಳ ಸುಂದರ ಕಲ್ಪನೆ. ಎಚ್.ಎ.ಎಲ್. ಕೂಡ ೧೯೫೮ರಲ್ಲಿ ಹಾರಿಸಿದ ತನ್ನ ಪುಟ್ಟ ವಿಮಾನಕ್ಕೆ ಪುಷ್ಪಕ್ ಎಂದೇ ಹೆಸರಿಟ್ಟಿತು. ಆದರೆ ಕಾವ್ಯ ಬೇರೆ, ಶಾಸ್ತ್ರ ಬೇರೆ. ಪ್ರಾಚೀನ ಋಷಿಯ ಕೃತಿಯೆಂದು ಪ್ರಚಾರದಲ್ಲಿರುವ ವೈಮಾನಿಕ ಶಾಸ್ತ್ರವನ್ನು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ೧೯೧೮ರಿಂದ ೧೯೨೩ರ ನಡುವೆ ಹೇಳಿ ಬರೆಯಿಸಿದರು. ಮೈಸೂರಿನ ಜಿ. ಆರ್. ಜೋಯಿಸರು ೧೯೭೩ರಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಅವರ ಜೊತೆಗಾರರು ಭಾಷೆಯನ್ನೂ ಚಿತ್ರಗಳನ್ನೂ ಲೆಕ್ಕಗಳನ್ನೂ ಪರಿಶೀಲಿಸಿ, ಆ ಗ್ರಂಥ ೧೯೦೪ಕ್ಕಿಂತ ಹಿಂದಿನದಲ್ಲವೆಂದೂ ಅದರಲ್ಲಿನ ವಿಮಾನಗಳು ಹಾರಲಾರವೆಂದೂ ತೀರ್ಮಾನಿಸಿದರು. ನಮ್ಮ ನಾಡಿನ ವಿದ್ವಾಂಸರೇ ನಮ್ಮ ನಾಡಿನ ಗ್ರಂಥವನ್ನು ಪ್ರಾಮಾಣಿಕವಾಗಿ ಒರೆಗೆ ಹಚ್ಚಿದ್ದು ಹೆಮ್ಮೆಯ ವಿಷಯವೇ ಹೊರತು ಅವಮಾನವಲ್ಲ.

ಸತ್ಯಕ್ಕೆ ಎರವಾಗುವ ಆಸೆ ಹೊರದೇಶಗಳಲ್ಲಿಯೂ ಉಂಟು. ರೈಟ್ ಸಹೋದರರು ೧೯೦೩ರ ಡಿಸೆಂಬರ್ ೧೭ರಂದು ೧೨ ಸೆಕೆಂಡುಗಳ ಕಾಲ, ೧೨೦ ಅಡಿ ದೂರ ಹಾರಿ ಲೋಕವನ್ನೇ ಬದಲಿಸಿದರು. ಆದರೆ ಅವರದೇ ದೇಶದ ಸ್ಮಿತ್‌ಸೋನಿಯನ್ ಸಂಸ್ಥೆ ತನ್ನ ಹಿಂದಿನ ಮುಖ್ಯಸ್ಥ ಲ್ಯಾಂಗ್ಲಿಯ ಯಂತ್ರವೇ ಮೊದಲು ಹಾರಬಲ್ಲದ್ದಾಗಿತ್ತೆಂದು ಸಾಧಿಸಹೊರಟಿತು. ಬೇಸತ್ತ ಆರ್ವಿಲ್ ರೈಟ್ ೧೯೨೮ರಲ್ಲಿ ತಮ್ಮ ವಿಮಾನವನ್ನು ಲಂಡನ್ನಿನ ವಿಜ್ಞಾನ ಸಂಗ್ರಹಾಲಯಕ್ಕೆ ಕೊಟ್ಟುಬಿಟ್ಟರು. ೧೯೪೨ರಲ್ಲಿ ಸಂಸ್ಥೆ ತನ್ನ ಮಾತನ್ನು ಹಿಂದೆಗೆದುಕೊಂಡಿತು. ಆ ವಿಮಾನ ಸ್ವದೇಶಕ್ಕೆ ಮರಳಿ ಅಲ್ಲಿ ಪ್ರದರ್ಶನಕ್ಕೆ ಬಂದದ್ದು ೧೯೪೮ರ ಡಿಸೆಂಬರಿನಲ್ಲಿ. ತಪ್ಪನ್ನು ತಿದ್ದಿಕೊಂಡ ಮೇಲೆಯೇ ಹಿರಿಮೆ ಮನೆಗೆ ಬಂದಿತು. ಅರಿವನ್ನೇ ಗುರುವೆಂದು ಕಂಡ ಶರಣರ ವಾರಸುದಾರರಾದ ನಾವು, ಇಲ್ಲದ ಹಿರಿಮೆಯನ್ನು ಹೇಳಿಕೊಳ್ಳುವ ಬದಲು ಇರುವ ಹಿರಿಮೆಯನ್ನು ಸರಿಯಾಗಿ ತಿಳಿದುಕೊಳ್ಳಬೇಕು. ನಗರದ ಬಾವಿಯ ಕಬ್ಬಿಣದ ಬಾಣ, ಎಚ್.ಟಿ.-೨, ಮಾರುತ ಇವು ಕೈಯಿಂದ ಮುಟ್ಟಬಹುದಾದ ಪ್ರಮಾಣಗಳು.

ಹೋಗಬಯಸುವವರಿಗೆ

ಗಂಜಾಂ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕುಟುಂಬಗಳು ಬೆಳಗಿನ ರೈಲು ಅಥವಾ ಬಸ್ಸು ಹಿಡಿದು ಹೊರಟರೆ ಒಂದೇ ದಿನದಲ್ಲಿ ನೋಡಿ ಹಿಂದಿರುಗಬಹುದು. ಬೆಂಗಳೂರಿನ ಮುಖ್ಯ ರೈಲು ನಿಲ್ದಾಣದಿಂದ ನೇರಳೆ ಮಾರ್ಗದ ಮೆಟ್ರೋ ಹತ್ತಿ ಇಂದಿರಾನಗರದಲ್ಲಿ ಇಳಿದರೆ ಅಲ್ಲಿಂದ ಬಸ್ಸಿನಲ್ಲೋ ಆಟೋದಲ್ಲೋ ಸಂಗ್ರಹಾಲಯವನ್ನು ತಲುಪಬಹುದು. ತೆರೆದಿರುವ ದಿನ ಮತ್ತು ವೇಳೆಯನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಕ್ಷೇಮ. ವಿಮಾನಗಳು ಬಯಲಿನಲ್ಲಿರುವುದರಿಂದ ವಯಸ್ಸಾದವರಿಗೆ ಬಿಸಿಲೇರುವ ಮುನ್ನ ಹೊರಗಿನ ಭಾಗವನ್ನೂ ಅನಂತರ ಒಳಗಿನ ಭವನಗಳನ್ನೂ ತೋರಿಸುವುದು ಅನುಕೂಲ. ಸಮಯ ಉಳಿದರೆ ಕಸ್ತೂರಬಾ ರಸ್ತೆಯಲ್ಲಿ ೧೯೬೨ರಲ್ಲಿ ನೆಹರೂ ಅವರು ಉದ್ಘಾಟಿಸಿದ ವಿಶ್ವೇಶ್ವರಯ್ಯ ಕೈಗಾರಿಕಾ ವಸ್ತುಸಂಗ್ರಹಾಲಯವನ್ನೂ ನೋಡಬಹುದು. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿರೂಪ ಅಲ್ಲಿದೆ. ಜರ್ಮನಿಯವರು ತಮ್ಮ ಕುರ್ಟ್ ಟ್ಯಾಂಕರ ಕೊನೆಯ ದೊಡ್ಡ ಕೃತಿಯೆಂಬ ಅಭಿಮಾನದಿಂದ ಮಾರುತವೊಂದನ್ನು ಮ್ಯೂನಿಕ್ ಸಮೀಪದ ಶ್ಲೈಸ್‌ಹೈಮಿನ ಸಂಗ್ರಹಾಲಯದಲ್ಲಿ ಇಟ್ಟುಕೊಂಡಿದ್ದಾರೆ. ಅಷ್ಟು ದೂರದವರು ಕಾಪಾಡಿಕೊಂಡದ್ದನ್ನು ಮೂರು ಗಂಟೆಯ ದಾರಿಯಲ್ಲಿರುವ ನಾವು ನೋಡದೆ ಇರುವುದು ಸರಿಯಲ್ಲ.

ಇನ್ನೊಂದು ವಿನಂತಿ. ನಮ್ಮ ಊರುಗಳಲ್ಲಿ ಎಚ್.ಎ.ಎಲ್., ಎಚ್.ಎಂ.ಟಿ., ಐ.ಟಿ.ಐ., ಸಕ್ಕರೆ ಕಾರ್ಖಾನೆ, ರೈಲ್ವೆ ಕಾರ್ಯಾಗಾರಗಳಲ್ಲಿ ದುಡಿದು ಬಂದ ಹಿರಿಯರು ಇನ್ನೂ ಇದ್ದಾರೆ. ಅವರ ಕೈಚಳಕವನ್ನು ಯಾವ ಫಲಕವೂ ಬರೆದಿಟ್ಟಿಲ್ಲ. ಸಂಗ್ರಹಾಲಯಕ್ಕೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಹೋಗಲಾಗದಿದ್ದರೆ ಶಿವಾನುಭವ ಗೋಷ್ಠಿಯ ದಿನ ಅವರನ್ನು ಕೂರಿಸಿ ಮಕ್ಕಳಿಂದ ಪ್ರಶ್ನೆ ಕೇಳಿಸಿ, ಉತ್ತರಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿಸಿ. ನಮ್ಮ ಮನೆಯಲ್ಲಿ ಆ ಕೆಲಸ ಈಗಾಗಲೇ ಆರಂಭವಾಗಿದೆ. ದೊಡ್ಡಪ್ಪನವರು ಹೇಳುತ್ತಾರೆ, ಮೊಮ್ಮಗ ಬರೆದುಕೊಳ್ಳುತ್ತಾನೆ. ಮೊನ್ನೆ ಒಂದು ಪುಟದ ಅಂಚಿನಲ್ಲಿ ತಾತನಿಂದ ಸಹಿಯನ್ನೂ ಹಾಕಿಸಿಕೊಂಡಿದ್ದಾನೆ.